ಬಾಗಿಲಿನ ಆಯ

ಆ ಮಧ್ಯಾಹ್ನ ರಾವಂದೂರಿನ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ಅಜ್ಜಿ, ನಾನು, ಮತ್ತೆ ದಾರಿಯಲ್ಲಿ ಹೋಗುತ್ತಾ ನೀರು ಕೇಳಿಕೊಂಡು ಬಂದ ಸರಗೂರಿನ ಒಬ್ಬ ಎಳೆಯ ಆಚಾರಿ. ಹಲಸಿನ ಮರದ ಹೊಟ್ಟಿನ ವಾಸನೆ ಬಂದರೆ ಈಗಲೂ ನನಗೆ ಅವನ ಅಂಗಿಯೇ ನೆನಪಾಗುತ್ತದೆ.

ನೀರು ಕುಡಿದವನು ಹೊರಡಲಿಲ್ಲ. ನಮ್ಮ ಬಾಗಿಲುವಾಡದ ಮೇಲೆ ಕೆತ್ತಿದ್ದ ಬಳ್ಳಿಯನ್ನು ಬೆರಳಿನಿಂದ ಸವರುತ್ತಾ ನಿಂತ. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಲೇ ಅವನ ಇನ್ನೊಂದು ಕೈಯನ್ನು ನೋಡುತ್ತಿದ್ದಳು. ಅದರಲ್ಲಿ ಗಂಟು ಹಾಕಿದ ದಾರವಿತ್ತು.

"ಏನ್ಲಾ ಅದು?"

"ಅಳತೆ ಕಣವ್ವ. ನಮ್ಮೂರಲ್ಲಿ ಒಂದು ಹೊಸಾ ಮನೆಗೆ ಬಾಗ್ಲು ಮಾಡ್ಬೇಕು, ನಂದು ಮೊದಲ್ನೇ ಕೆಲ್ಸ. ಇಂಥಾ ಬಾಗ್ಲು ಎಲ್ಲೂ ನೋಡ್ನಿಲ್ಲ."

ಬಾಗಿಲಿನ ಅಳತೆಯನ್ನು ಯಜಮಾನನ ಹೆಸರಿಗೆ ಕೂಡಿಬರುವಂತೆ ಲೆಕ್ಕಹಾಕಿ ಇಡುತ್ತಾರೆ, ಅದೇ ಆಯ. ಅದು ಇನ್ನೊಬ್ಬರ ಮನೆ ಸೇರಿದರೆ ನಮ್ಮ ಮನೆಯ ಏಳಿಗೆಯೂ ಅದರ ಹಿಂದೆಯೇ ಹೋಗುತ್ತದೆಂದು ಅಜ್ಜಿ ನಂಬಿದ್ದಳು.

"ನೀರು ಕೇಳ್ದೋನು ನಮ್ಮನೆ ಆಯನೇ ಗಂಟು ಕಟ್ಕೊಂಡು ಓಯ್ತಿದ್ದೀಯಲ್ಲ. ತಾ ಇಲ್ಲಿ."

ದಾರ ಒಳಗಿನ ಒಲೆಗೆ ಬಿತ್ತು.

"ಬಳ್ಳಿನಾದ್ರೂ ಒಸಿ ನೋಡ್ಕೋತೀನಿ ಬುಡಿ ಅವ್ವಾ."

"ನೋಡ್ತಾ ನೋಡ್ತಾ ಕಣ್ಣಲ್ಲೇ ಅಳ್ದುಬುಡ್ತೀಯ" ಎಂದ ಅಜ್ಜಿ ಬಾಗಿಲಿಗೆ ಅಡ್ಡಲಾಗಿ ಕಂಬಳಿ ಇಳಿಬಿಟ್ಟಳು.

ಮಾರನೆಯ ವರ್ಷ ನೆಂಟರ ಮದುವೆಗೆಂದು ಸರಗೂರಿಗೆ ಹೋದೆವು. ಅವರ ಹೊಸ ಮನೆಯ ಬಾಗಿಲುವಾಡದ ಮೇಲೆ ನಮ್ಮ ಬಳ್ಳಿಯೇ ಹಬ್ಬಿತ್ತು. ಅಜ್ಜಿ ಹೊಸಿಲಿನ ಹೊರಗೇ ನಿಂತು, ಎಲ್ಲರೆದುರು, ಗೇಣು ಹಾಕಿ ಅಗಲವನ್ನು ಅಳೆದಳು. ನಮ್ಮದಕ್ಕಿಂತ ಎರಡು ಬೆರಳು ಕಮ್ಮಿ ಬಂತು. ಆಮೇಲೆ ಊಟಕ್ಕೆ ಒಳಗೆ ಹೋದಳು.