ಸರಹದ್ದಿನಲ್ಲಿ ಪಾದಪೂಜೆ

ದಾನವ್ವ ತಂಬಿಗೆ ಬಗ್ಗಿಸುವ ಹೊತ್ತಿಗೆ ಸರಿಯಾಗಿ ಅಯ್ಯನವರ ಪಾದಗಳು ನಿಂತುಬಿಟ್ಟವು. ಅಲ್ಲಿಯತನಕ ಬಲಗಾಲಿನ ಹೆಬ್ಬೆರಳು ಮಂತ್ರದ ಲಯಕ್ಕೆ ಸಣ್ಣಗೆ ಆಡುತ್ತಿತ್ತು. ಈಗ ಅದು ಅರ್ಧ ಎದ್ದಲ್ಲೇ ಉಳಿಯಿತು. ದನಿಯೂ ಅಡಗಿತು.

ಪಾದಗಳು ಇದ್ದದ್ದು ಅವಳ ಮಗ ಅನಿಲಕುಮಾರನ ಮೊಬೈಲಿನಲ್ಲಿ. ಮೊಬೈಲು ಇದ್ದದ್ದು ಹಿತ್ತಾಳೆಯ ಅಗಲ ತಟ್ಟೆಯಾದ ಪರಾತದಲ್ಲಿ; ಪರಾತ, ವಿಲೆ ಪಾರ್ಲೆಯಲ್ಲಿ ಅವನು ಹಿಡಿದಿದ್ದ ಹೊಸ ರೊಟ್ಟಿ ಅಂಗಡಿಯ ಇಳಿಸಿದ ಶಟರಿನ ಮುಂದೆ. ವಿಜಯಪುರದಿಂದ ಬಂದ ಈ ಮನೆತನದವರು ತಮ್ಮ ಜಂಗಮರಾದ ಚನ್ನಬಸಯ್ಯನವರ ಪಾದ ತೊಳೆಯದೆ ಯಾವ ಹೊಸ ಬಾಗಿಲನ್ನೂ ತೆಗೆದವರಲ್ಲ. ಅಯ್ಯನವರೋ ಪಶುಪತಿನಾಥನ ಯಾತ್ರೆಗೆ ಹೊರಟಿದ್ದರು. ಬೇರೆ ಅಯ್ಯನವರನ್ನು ಕರೆಯೋಣವೆಂದ ತಪ್ಪಿಗೆ ದಾನವ್ವ ಮಗನ ಜೊತೆ ಮಾತು ಬಿಟ್ಟಳು. ಕೊನೆಗೆ ವಿಡಿಯೊ ಕಾಲಿನ ಮೇಲೆ ರಾಜಿಯಾಯಿತು. ಬಸ್ಸು ನೇಪಾಳದ ಗಡಿ ದಾಟುವುದು ಮಧ್ಯಾಹ್ನಕ್ಕೆ, ಅಲ್ಲಿಯತನಕ ನಮ್ಮದೇ ಟವರು ಸಿಗುತ್ತದೆ, ಪೂಜೆ ಸಾವಕಾಶ ಆಗುತ್ತದೆ ಎಂದು ಅಯ್ಯನವರೇ ಲೆಕ್ಕ ಹಾಕಿ ಹೇಳಿದ್ದರು. ಮೊಬೈಲನ್ನು ರೊಟ್ಟಿ ಕಟ್ಟುವ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿಗೆ ಗಂಟು ಹಾಕಿದವಳು ಸೊಸೆ ಶೈಲಾ. ಅತ್ತೆ ನೀರನ್ನು ಪಾದದ ಹತ್ತಿರ ಹಾಕುವವಳಲ್ಲ, ಪಾದದ ಮೇಲೆಯೇ ಹಾಕುವವಳೆಂದು ಅವಳಿಗೆ ಗೊತ್ತಿತ್ತು.

ಅನಿಲಕುಮಾರ ಗಡಿಯಾರ ನೋಡಿದ. ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅದರೊಳಗೆ ಶಟರ್ ಏಳದಿದ್ದರೆ ಅಮಾವಾಸ್ಯೆ ಕಳೆಯುವತನಕ ಮುಟ್ಟಕೂಡದೆಂದು ತಾಯಿ ಮೊದಲೇ ಸಾರಿದ್ದಳು. ಮನೆಯಲ್ಲಿ ನಸುಕಿಗೇ ಬಡಿದು ತಂದ ಮೆತ್ತನೆಯ ರೊಟ್ಟಿಗಳು ಫುಟ್‌ಪಾತಿನ ಮೇಲೆ ಬುಟ್ಟಿಗಳಲ್ಲಿ ಕಾಯುತ್ತಿದ್ದವು. ಅವು ಯಾವ ಅಮಾವಾಸ್ಯೆಗೂ ಕಾಯುವ ಜಾತಿಯವಲ್ಲ.

ಅಷ್ಟರಲ್ಲಿ ಶೈಲಾಳ ಫೋನು ರಿಂಗಾಯಿತು. ಅಯ್ಯನವರೇ. ಜನ್ಮದಲ್ಲಿ ಹೊತ್ತಿಗೆ ಸರಿಯಾಗಿ ಹೊರಡದ ಬಸ್ಸು ಇವತ್ತು ಮೊದಲೇ ಹೊರಟು ಗಡಿ ದಾಟಿಬಿಟ್ಟಿತ್ತಂತೆ. ನೇಪಾಳಕ್ಕೆ ಸ್ವಾಗತ ಎಂಬ ಸಂದೇಶ ಬಂತಂತೆ, ಅದರ ಬೆನ್ನಿಗೇ ಇಂಟರ್‌ನೆಟ್ ಹೋಯಿತಂತೆ. ರೋಮಿಂಗ್ ಪ್ಯಾಕು ಹಾಕಿಸುವುದನ್ನು ಅವರು ಮರೆತಿದ್ದರು.

“ದಾನವ್ವ, ಇಲ್ಲಿ ಬಾಯಿ ತೆಗೆದರ ಬಿಲ್ ಬೀಳತೈತಿ. ನೀ ನೀರು ಹಾಕ್ಕೋತ ಹೋಗು, ನಾ ಲಗೂಲಗೂ ಹೇಳತೀನಿ.”

“ಪಾದ ಅಲ್ಲಾಡವಲ್ಲವು, ಅಯ್ಯನೋರ.”

“ಕಾಲು ಇಂಡಿಯಾದಾಗ ಉಳದಾವು, ಬಾಯಿ ನೇಪಾಳಕ್ಕ ಹೋಗೇತಿ,” ಎಂದು ಶೈಲಾ ಆರತಿ ತಟ್ಟೆಯ ಮರೆಯಲ್ಲಿ ಗಂಡನಿಗೆ ಹೇಳಿದಳು.

ಮಾಮೂಲಿ ದಿನ ಈ ಪೂಜೆಗೆ ಎರಡು ಸಲ ಚಹಾ ಆಗಬೇಕು. ಇವತ್ತು ಅಯ್ಯನವರು ಸಣ್ಣ ಸ್ಟೇಷನ್‌ಗಳನ್ನೆಲ್ಲ ಬಿಟ್ಟು ಓಡುವ ಫಾಸ್ಟ್ ಲೋಕಲ್ ರೈಲಿನಂತೆ ಹೊರಟರು. ಗಣಪತಿ ಸಿಕ್ಕ. ವೀರಭದ್ರ ಸಿಗಲಿಲ್ಲ. ನೈವೇದ್ಯ ದೂರದಿಂದ ಕಂಡಂತಾಗಿ ಹಿಂದೆ ಹೋಯಿತು. ನೀರು ಹಾಕುತ್ತಿದ್ದ ದಾನವ್ವನ ಕೈಗೆ ಮಂಗಳಾರತಿ ಬಂದದ್ದೇ ತಿಳಿಯಲಿಲ್ಲ. ಅನಿಲಕುಮಾರನಿಗೆ ಮಾತ್ರ ಮೊದಲ ಸಲ ಮಂತ್ರಗಳ ಮೇಲೆ ಭಕ್ತಿ ಹುಟ್ಟಿತು. ಅವನು ಶಟರಿನ ಹಿಡಿಕೆಗೆ ಕೈ ಹಾಕಿದ.

“ಕೈ ತೆಗಿ,” ಎಂದಳು ದಾನವ್ವ. ಆಮೇಲೆ ಫೋನಿನತ್ತ ಬಗ್ಗಿ, ಕಾಲೊಂದು ಕಡೆ ಬಾಯೊಂದು ಕಡೆ ಆದರೆ ಪೂಜೆ ಕೂಡುವುದಿಲ್ಲ, ಹೊಳ್ಳಿ ಮೊದಲಿನಿಂದ ಹೇಳಬೇಕು, ಒಂದೂ ಬಿಡಬಾರದು ಎಂದು ಅಯ್ಯನವರಿಗೆ ವಿನಯದಿಂದಲೇ ಅಪ್ಪಣೆ ಮಾಡಿದಳು. ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು.

ಹತ್ತೂವರೆಗೆ ಇನ್ನು ಹೆಚ್ಚು ಹೊತ್ತು ಉಳಿದಿರಲಿಲ್ಲ. ತಾಯಿಯ ಭಕ್ತಿಯೊಂದಿಗೆ ವಾದ ಮಾಡಿ ಗೆದ್ದವರಿಲ್ಲ. ಅದನ್ನು ತಿರುಗಿಸಿ ಹಿಡಿಯಬೇಕು ಎಂದು ಅನಿಲಕುಮಾರನಿಗೆ ಆ ಗಳಿಗೆಯಲ್ಲಿ ಹೊಳೆಯಿತು.

“ಯವ್ವ, ನೀ ಹೊಳ್ಳಿ ಹೇಳಸು, ಬ್ಯಾಡ ಅನ್ನೂದಿಲ್ಲ. ಆದ್ರ ರೊಕ್ಕ ಅಯ್ಯನೋರ ಕಿಸೆದಾಗಿಂದ ಹೊಂಟೈತಿ. ಜಂಗಮರ ಖರ್ಚಿನಾಗ ನಮ್ಮ ಪೂಜಿ ಮಾಡಸಬೇಕೇನು?”

ದಾನವ್ವನ ಮುಖದ ಬಣ್ಣ ಇಳಿಯಿತು. ತನ್ನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಅಯ್ಯನವರಿಗೆ ಕೊಟ್ಟು ಗೊತ್ತೇ ಹೊರತು ಅವರಿಂದ ಒಂದು ಹಿಡಿ ಜೋಳ ತೆಗೆದುಕೊಂಡು ಗೊತ್ತಿರಲಿಲ್ಲ. “ಇಡ್ರಿ ಅಯ್ಯನೋರ, ಮೊದಲ ಫೋನ್ ಇಡ್ರಿ,” ಎಂದು ನೇಪಾಳಕ್ಕೆ ಬರಿಗಿವಿಯಲ್ಲೇ ಕೇಳಿಸುವಷ್ಟು ಜೋರಾಗಿ ಕೂಗಿದಳು. ಬಿಲ್ಲನ್ನೂ ದಕ್ಷಿಣೆಯಲ್ಲಿ ಸೇರಿಸುತ್ತೇವೆಂದು ಅನಿಲಕುಮಾರ ಹೇಳಿದಾಗ ಬೇಡವೆನ್ನುವಷ್ಟು ವ್ಯವಧಾನ ಅಯ್ಯನವರಿಗೂ ಇರಲಿಲ್ಲ. ಅವರು ‘ಹೂಂ’ ಎಂದು ಇಟ್ಟರು.

ಶಟರ್ ಗಡಗಡನೆ ಮೇಲೇರಿತು. ರೊಟ್ಟಿಯ ಬುಟ್ಟಿಗಳು ಒಳಗೆ ನಡೆದವು. ದಾನವ್ವ ಮಾತ್ರ ಪರಾತದ ಮುಂದೆ ಮಂಡಿಯೂರಿ, ಚೀಲದೊಳಗಿನ ಪಾದಗಳಿಗೆ ಹಣೆ ಹಚ್ಚಿದಳು. ತಲೆಯೆತ್ತಿ ನೋಡಿದರೆ ಪಾದಗಳಿಲ್ಲ. ಹಣೆ ಯಾವ ಗುಂಡಿಗೆ ತಾಗಿತ್ತೋ, ಕಾಲ್ ಕಡಿದು ಅಲ್ಲಿ ಐದು ಖಾಲಿ ನಕ್ಷತ್ರಗಳು ಸಾಲಾಗಿ ನಿಂತಿದ್ದವು. ಅವಳು ಗಾಬರಿಯಾಗಿ ಮಗನನ್ನು ಕರೆದಳು.

“ಹೆಂಗಿತ್ತು ಅಂತ ಫೋನ್ ಕೇಳಾಕತ್ತೈತಿ, ಯವ್ವ. ಭಾಳ ಚಲೋ ಆಗಿದ್ರ ಐದನೇದು ಒತ್ತಬೇಕು.”

ದಾನವ್ವ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎಡಗಡೆಯಿಂದ ಒಂದೊಂದಾಗಿ ಎಣಿಸಿದಳು.

“ಗುರುವಿನ ವಿಷಯದಾಗ ಸುಳ್ಳು ಹೇಳಬಾರದು,” ಎಂದು ಕೈಮುಗಿದು, ಮೂರನೆಯದನ್ನು ಒತ್ತಿದಳು.