ಕಾಕಾನ ಹೆಸರು ಹಿಡಿದ ಹಾಡು

ಹಳೇ ಕೌದಿಯ ವಾಸನೆ ಬಂದರೆ ಈಗಲೂ ನನಗೆ ಸಿಂದಗಿಯ ಕಾಕಾನ ರೆಕಾರ್ಡಿಂಗ್ ಖೋಲಿಯೇ ನೆನಪಾಗುತ್ತದೆ.

ಹೊರಗಿನ ಸದ್ದು ಬರಬಾರದೆಂದು ಅವನು ಗೋಡೆಗೆಲ್ಲ ಕೌದಿ ಬಡಿದಿದ್ದ. ಅವನು ಮಾಡಿದ ಜನಪದ ಹಾಡಿನ ಕ್ಯಾಸೆಟ್ಟುಗಳು ಇಂಡಿ, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲೆಲ್ಲ ಕೂಗುತ್ತಿದ್ದವು. ಬೀಸುವ ಹಾಡು, ಸೋಬಾನ ಎಲ್ಲ ರೆಕಾರ್ಡ್ ಮಾಡಿ ಮುಗಿದು, ಹೆಣದ ಮುಂದೆ ಹಾಡಿಕೊಂಡು ಅಳುವ ಹಾಡೊಂದೇ ಉಳಿದಿತ್ತು. ಅದಕ್ಕೆಂದೇ ಒಂದು ಮಧ್ಯಾಹ್ನ ತಂಗಡಗಿಯಿಂದ ಒಬ್ಬ ಮುದುಕಿಯನ್ನು ಕರೆಸಿದ್ದ.

ಮುದುಕಿ ಮೈಕಿನ ಮುಂದೆ ಕುಳಿತಳು. "ಸತ್ತವರ ಹೆಸರು ಹಿಡೀಲಾರ್ದ ಈ ಹಾಡು ಬರೂದಿಲ್ಲೋ ಯಪ್ಪಾ. ಯಾರ ಹೆಸರು ಹಿಡೀಲಿ?"

"ನಂದ ಹಿಡಿ ಬೇ ಯವ್ವಾ," ಎಂದು ಕಾಕಾ ನಕ್ಕ.

"ಬದುಕಿದ್ದವರದು ಹಿಡೀಬಾರದು."

"ಟೇಪಿಗೇನ್ ಗೊತ್ತಾಗತೈತಿ?" ಎಂದವನೇ ಗುಂಡಿ ಒತ್ತಿದ.

ಮುದುಕಿ ಕಣ್ಣು ಮುಚ್ಚಿ, ಅವನ ಹೆಸರು ಹಿಡಿದು, ಎದೆ ಬಡಿದುಕೊಂಡು ಹಾಡಿದಳು. ಮುಗಿದ ಮೇಲೆ ಕಾಕಾ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದ. ತನ್ನದೇ ಸಾವಿನ ಅಳುವಿಗೆ ತಲೆದೂಗುತ್ತ, "ಭಾರಿ ಬಂದೈತಿ," ಎಂದ.

ಅವನ ಹೆಂಡತಿ, ನಮ್ಮ ಚಿಗವ್ವ, ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಪ್ಪುಗಳನ್ನು ನೆಲಕ್ಕಿಟ್ಟು, ಹಸಿರು ಬಳೆಯ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.