ಪಾಸಿಲ್ಲದ ಅತಿಥಿ

"ಬಿಡಲ್ಲ ಅಂದ್ರೆ ಬಿಡಲ್ಲ ಗ್ರೇಡಿ ಅವರೇ. ಈ ಮನುಷ್ಯನ ಹತ್ರ ಪಾಸಿಲ್ಲ."

ವಾಕಿಟಾಕಿಯಲ್ಲಿ ಬಂದ ವರ್ನೀಸಳ ದನಿ ತಣ್ಣಗಿತ್ತು. ಕ್ರೀಡಾಂಗಣದ ಸಿಬ್ಬಂದಿಯ ಉಸ್ತುವಾರಿ ಹೊತ್ತಿದ್ದ ಗ್ರೇಡಿ ಪ್ರೂಯಿಟ್‌ಗೆ ಅದೇ ಇನ್ನಷ್ಟು ಉರಿ ಹತ್ತಿಸಿತು. ಪಶ್ಚಿಮದ ಗೇಟಿನಲ್ಲಿ ಅವಳು ತಡೆದು ನಿಲ್ಲಿಸಿದ್ದು ಯಾರೋ ದಾರಿಹೋಕನನ್ನಲ್ಲ, ಹೋಯ್ಟ್ ಬ್ರಾನಮ್‌ರನ್ನು. ಹದಿನೆಂಟು ವರ್ಷ ಈ ಕಾಲೇಜಿನ ಫುಟ್ಬಾಲ್ ತಂಡವನ್ನು ಪಳಗಿಸಿ, ಅಲಬಾಮಾದ ಈ ಪುಟ್ಟ ಊರನ್ನು ಟೀವಿಗೆ ಹತ್ತಿಸಿ ನಿವೃತ್ತರಾದ ಕೋಚ್. ಇಂದು ಆಟದ ವಿರಾಮದಲ್ಲಿ, ಅರವತ್ತು ಸಾವಿರ ಜನರೆದುರು, ಮೈದಾನದ ನಟ್ಟನಡುವೆ ಅವರಿಗೆ ಸನ್ಮಾನ. ಪಾಸನ್ನು ಹೋಟೆಲಿನಲ್ಲೇ ಮರೆತು ಬಂದಿದ್ದರು. ವಿರಾಮಕ್ಕೆ ಇನ್ನು ಇಪ್ಪತ್ತು ನಿಮಿಷವೂ ಇರಲಿಲ್ಲ.

ನಿಮ್ಮ ಕೈಲಿರೋ ಪಟ್ಟಿಯ ಮೊದಲ ಹೆಸರೇ ಅವರದು ಎಂದು ಗ್ರೇಡಿ ಹಲ್ಲು ಕಚ್ಚಿ ಹೇಳಿದ. ಹೆಸರಿದೆ, ಇವರೇ ಅವರು ಅನ್ನೋದಕ್ಕೆ ಪಾಸಿಲ್ಲ ಎಂದಳು. ಲೈಸೆನ್ಸ್ ನೋಡಿ ಎಂದ. ನೋಡಿದೆ, ಲೈಸೆನ್ಸ್ ನಡೆಯಲ್ಲ ಅಂತ ಬೆಳಗ್ಗೆ ನೀವೇ ಅಂದಿರಿ ಎಂದಳು. ಸರಿ, ಈಗ ನಾನೇ ಹೇಳ್ತಿದ್ದೀನಲ್ಲ, ಬಿಡಿ ಎಂದ.

"ವಾಕಿಟಾಕೀಲಿ ದೇವರೇ ಬಂದು ಹೇಳಿದ್ರೂ ಬಿಡಬೇಡಿ ಅಂದಿದ್ದೂ ನೀವೇ. ಖುದ್ದಾಗಿ ಬಂದು ಸಹಿ ಹಾಕಿ."

ಅಂದದ್ದು ನಿಜ. ಬೆಳಗ್ಗೆ ಏಳಕ್ಕೆ, ಮಗುಚಿ ಹಾಕಿದ ಕ್ರೇಟಿನ ಮೇಲೆ ನಿಂತು, ಇನ್ನೂರು ಜನ ಗೇಟಿನವರ ಮುಂದೆ ಅಂದಿದ್ದ. ಹಿಂದಿನ ಆಟದ ದಿನ ಯಾವನೋ ಕಿಡಿಗೇಡಿ ಬಿದ್ದಿದ್ದ ವಾಕಿಟಾಕಿ ಎತ್ತಿಕೊಂಡು, ಗ್ರೇಡಿಯ ದನಿ ಅನುಕರಿಸಿ, ತನ್ನ ಹನ್ನೊಂದು ಜನ ಗೆಳೆಯರನ್ನು ಆಟಗಾರರ ಕೋಣೆಯವರೆಗೂ ಒಳಗೆ ಬಿಡಿಸಿಕೊಂಡಿದ್ದ. ಕ್ರೀಡಾ ನಿರ್ದೇಶಕರು ಗ್ರೇಡಿಯನ್ನು ಕರೆಸಿ ಒಂದೇ ಮಾತು ಹೇಳಿದ್ದರು: ಇನ್ನೊಂದು ಎಡವಟ್ಟಾದರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ಈ ಊರಿಗೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ ಅವನಿಗೆ.

ತನ್ನ ಬದಲು ಕಳುಹಿಸಲು ಯಾರೂ ಇರಲಿಲ್ಲ. ಮೂವತ್ತೊಂದು ಜನ ಕೈಕೊಟ್ಟಿದ್ದರು. ಹಾಟ್‌ಡಾಗ್ ಅಂಗಡಿಗೆ ಬರಬೇಕಿದ್ದ ಚರ್ಚಿನ ಹೆಂಗಸರ ವ್ಯಾನು ಹೆದ್ದಾರಿಯಲ್ಲಿ ಕೆಟ್ಟು ನಿಂತಿತ್ತು. ಇದ್ದವರನ್ನೇ ಅಲ್ಲಿಗೆ ಇಲ್ಲಿಗೆ ಎಳೆದು ಹೊಂದಿಸಿದ್ದ. ಅಂಥ ದಿನ ವರ್ನೀಸ್ ತಾನಾಗಿ ಬಂದು, ಬಿಸಿಲು ಬಡಿಯುವ ಪಶ್ಚಿಮದ ಗೇಟು ನನಗಿರಲಿ ಎಂದಾಗ ಅವಳ ಕೈ ಕುಲುಕಿದ್ದ. ಏಳು ವರ್ಷದಿಂದ ಪೂರ್ವದ ಗೇಟಿನ ನೆರಳು ಬಿಟ್ಟು ಕದಲದವಳು. ಒಂದು ದಿನ ತಪ್ಪಿಸಿದವಳಲ್ಲ, ಒಬ್ಬರ ಜೊತೆ ದನಿ ಎತ್ತಿದವಳಲ್ಲ. ಆ ಕೈಯನ್ನು ಈಗ ತಿರುಚಬೇಕೆನಿಸಿತು.

ಬ್ಯಾಟರಿ ಗಾಡಿ ಹತ್ತಿ ಹೊರಟ. ಅರ್ಧ ದಾರಿಯಲ್ಲಿ ಬ್ಯಾಂಡಿನ ಮುನ್ನೂರು ಜನ, ಹೊಟ್ಟೆಗಿಂತ ದೊಡ್ಡ ಕಹಳೆಗಳನ್ನು ಹೊತ್ತು, ಓಣಿ ತುಂಬ ಸಾಲುಗಟ್ಟಿ ನಿಂತಿದ್ದರು. ಸರಿಯಿರಿ ಎಂದು ಕೂಗಿದ. ಸರಿಯಲು ಜಾಗವೇ ಇರಲಿಲ್ಲ. ಗಾಡಿ ಬಿಟ್ಟು ಓಡಿದ. ಚೆಲ್ಲಿದ ಬಿಯರಿನ ಮೇಲೆ ಜಾರಿದ, ಯಾರದೋ ಮಗುವಿನ ಐಸ್‌ಕ್ರೀಂ ಉರುಳಿಸಿದ, ಬೈಸಿಕೊಂಡ. ಪಶ್ಚಿಮದ ಗೇಟು ಕಣ್ಣಿಗೆ ಬೀಳುವ ಹೊತ್ತಿಗೆ ಬೆನ್ನ ಹಿಂದೆ ಧ್ವನಿವರ್ಧಕ ಬ್ರಾನಮ್‌ರ ಹೆಸರು ಕರೆಯಿತು. ಮತ್ತೊಮ್ಮೆ ಕರೆಯಿತು. ಅರವತ್ತು ಸಾವಿರ ಜನರ ಚಪ್ಪಾಳೆ ಎದ್ದು, ತಡಕಾಡಿ, ಆರಿಹೋಯಿತು. ಬ್ಯಾಂಡು ಶುರುವಾಯಿತು.

ಮುಗಿಯಿತು. ತನ್ನದೂ ಮುಗಿಯಿತು.

ಬ್ರಾನಮ್ ದೊಡ್ಡ ಛತ್ರಿಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ಒದ್ದೆ ಟವೆಲು, ಕಾಲ ಬಳಿ ಎರಡು ಖಾಲಿ ಬಾಟಲಿ, ಕೈಯಲ್ಲಿ ಮೂರನೆಯದು. ಮುಖ ಮಾತ್ರ ಬೇಯಿಸಿದ ಸೀಗಡಿಯಂತೆ ಕೆಂಪಾಗಿತ್ತು. ವರ್ನೀಸ್ ಬಿಸಿಲಿನಲ್ಲಿ ನಿಂತಿದ್ದಳು.

"ಎಲ್ಲಿಂದ ಹಿಡ್ಕೊಂಡು ಬಂದ್ಯಯ್ಯಾ ಈ ಹೆಂಗಸನ್ನ?" ಬ್ರಾನಮ್ ಗ್ರೇಡಿಯ ಮೇಲೆ ಹರಿಹಾಯ್ದರು. "ಒಳಗೆ ಬಿಡಲ್ಲ. ಐದೈದು ನಿಮಿಷಕ್ಕೆ ನೀರು ಮಾತ್ರ ಕುಡಿಸ್ತಾಳೆ. ಬೇಡ ಅಂದ್ರೆ ಗಂಟಲಿಗೇ ಸುರಿಯೋ ಹಾಗೆ ನೋಡ್ತಾಳೆ."

ಗ್ರೇಡಿ ಅವರ ಕೈ ಹಿಡಿದು ಕ್ಷಮೆ ಕೇಳಿದ, ಇನ್ನೊಂದು ಆಟಕ್ಕೆ ಕರೆಸುತ್ತೇವೆ ಎಂದ, ತನಗೇ ನಂಬಿಕೆ ಇಲ್ಲದ್ದನ್ನೆಲ್ಲ ಹೇಳಿದ. ಆಮೇಲೆ ವರ್ನೀಸಳತ್ತ ತಿರುಗಿದ. ಎಪ್ಪತ್ತಕ್ಕೆ ಹತ್ತಿರದ ಹೆಂಗಸು ಎಂಬುದನ್ನೂ ಮರೆತು ಬೈದ. ತಲೆಯಲ್ಲಿ ಏನಿದೆ, ಮೆದುಳೋ ಕಾಯ್ದೆ ಪುಸ್ತಕವೋ ಎಂದ. ಒಬ್ಬ ಮುದುಕನ ಮರ್ಯಾದೆ, ನನ್ನ ಹೆಂಡತಿ ಮಕ್ಕಳ ಅನ್ನ, ಎರಡನ್ನೂ ಒಂದೇ ಮಧ್ಯಾಹ್ನ ತೆಗೆದಿರಿ ಎಂದ. ಅವಳು ಕೇಳಿಸಿಕೊಂಡಳು.

"ನಿಮ್ಮ ತಪ್ಪಿಲ್ಲ ಅಂತ ನಾನೇ ಬರ್ಕೊಡ್ತೀನಿ ಗ್ರೇಡಿ ಅವರೇ," ಎಂದಳು. "ನಿಮ್ಮ ನಿಯಮ ಒಳ್ಳೇದಿತ್ತು."

"ಆ ಜಾಕೆಟ್ ಬಿಚ್ಚಿ ಕೊಡಿ ಮಿಸ್ ವರ್ನೀಸ್. ಹೊರಡಿ."

ಗೇಟಿನವರು ತೊಡುವ ಹಳದಿ ಜಾಕೆಟ್ಟು ಆಗಲೇ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿತ್ತು. ಅವನೀಗ ಗಮನಿಸಿದ.

"ನಿಲ್ಲು," ಬ್ರಾನಮ್ ಜೇಬಿನಿಂದ ಪೆನ್ನು ತೆಗೆದರು. "ಕಾಲೇಜಿನ ಅಧ್ಯಕ್ಷರಿಗೇ ಬರೀತೀನಿ. ನಿನ್ನ ಪೂರ್ತಿ ಹೆಸರೇನು?"

ಅವಳು ಅವರ ಹತ್ತಿರ ಬಂದು, ಕುರ್ಚಿಯ ಮುಂದೆ ನಿಂತಳು.

"ಬರ್ಕೊಳ್ಳಿ ಕೋಚ್. ವರ್ನೀಸ್ ಡಾಕರಿ. ನಿಮ್ಮ ಆಗಸ್ಟ್ ತಿಂಗಳ ಪ್ರಾಕ್ಟೀಸಲ್ಲಿ, ಇದೇ ಬಿಸಿಲಿಗೆ ಬಿದ್ದು ಸತ್ತನಲ್ಲ ಟೆರೆಲ್ ಡಾಕರಿ, ಅವನ ತಾಯಿ. ಮೂರು ಸಲ ನೀರು ಕೇಳಿದ್ನಂತೆ."